ಬೆನ್ನ ಹಿಂದಿನ ಬೀಡಿ

ಮೊನ್ನೆ ನನ್ನ ಮೊಪೆಡ್ಡಿಗೆ ಹೊಗೆ ತಪಾಸಣೆ ಮಾಡಿಸುವ ಯೋಗ ಬಂತು. ಹಾವೇರಿ ಜಿಲ್ಲೆಯಾದ ಮೇಲೆ ನಮಗೆ ಒದಗಿದ ಹೊಸ ಭಾಗ್ಯಗಳಲ್ಲಿ ಇದೂ ಒಂದು. ಬಸ್ ನಿಲ್ದಾಣದ ಹತ್ತಿರ ಒಂದು ವ್ಯಾನು ನಿಂತಿರುತ್ತದೆ. ಅದರಲ್ಲಿರುವ ಮನುಷ್ಯ ನಮ್ಮ ಗಾಡಿಯ ಸೈಲೆನ್ಸರಿಗೆ ಒಂದು ನಳಿಕೆ ತುರುಕಿ, ಮಷಿನ್ನಿನ ಕಡೆ ನೋಡಿ, ಹುಬ್ಬು ಗಂಟಿಕ್ಕಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ಪಾಸು ಎಂದು ಚೀಟಿ ಕೊಡುತ್ತಾನೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಪರೀಕ್ಷೆಗೆ ಹೋಗುವ ಮಕ್ಕಳು ತಲೆ ಬಾಚಿಕೊಂಡು ಹೋಗಬೇಕು ಎನ್ನುವವಳು. ಗಾಡಿಯನ್ನು ಒರೆಸದೆ ಪರೀಕ್ಷೆಗೆ ಒಯ್ಯಲು ಮನಸ್ಸು ಬರಲಿಲ್ಲ. ಹಳೇ ಬಟ್ಟೆ ಹುಡುಕುತ್ತ ಟ್ರಂಕಿನ ತಳಕ್ಕೆ ಕೈ ಹಾಕಿದೆ. ಮೆತ್ತಗಿನ ಒಂದು ಧೋತರ ಕೈಗೆ ಬಂತು.

ಬಿಡಿಸಿ ಬೆಳಕಿಗೆ ಹಿಡಿದೆ. ತೂತುಗಳು. ಕಡಲೆಕಾಳಿನಷ್ಟು ದೊಡ್ಡವು ಕೆಲವು, ಸಾಸಿವೆಯಷ್ಟು ಸಣ್ಣವು ಕೆಲವು. ಅಂಚು ಕಂದು ಬಣ್ಣಕ್ಕೆ ತಿರುಗಿದ್ದವು. ಎಲ್ಲವೂ ಹಿಂಬದಿಯಲ್ಲೇ, ಕಚ್ಚೆ ಕಟ್ಟುವ ಕಡೆಗೆ. ಮುಂಬದಿ ಮಾತ್ರ ಸ್ವಚ್ಛ.

"ಇಲಿ ಕಡದಂಗ ಕಾಣತೈತಿ" ಅಂದರು ನಮ್ಮ ಯಜಮಾನರು.

"ಇಲಿ ಅಲ್ಲರೀ, ನಾನು" ಅಂದೆ.

ಅವರು ನನ್ನ ಹಲ್ಲಿನ ಕಡೆ ನೋಡಿದರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಪಾಪ, ನನ್ನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಬಹಳ ಇದೆ. ನಿಮಗೂ ಹೇಳುತ್ತೇನೆ, ಕೇಳಿ. ಗಾಡಿಯ ಪರೀಕ್ಷೆ ನಾಳೆಯಾದರೂ ಆದೀತು.

ಅದು ನನ್ನ ಅಜ್ಜನ ಧೋತರ. ಅಜ್ಜ ಎಂದರೆ ನನ್ನ ತಂದೆಯ ತಂದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಸುಗ್ಗಿ ಬಂತೆಂದರೆ ಊರಿನ ಗಾಳಿಯೇ ಕೆಂಪಾಗುತ್ತಿತ್ತು. ಚೀಲಗಳನ್ನು ಸುರುವುವಾಗ, ತುಂಬುವಾಗ, ತುಳಿಯುವಾಗ ಎದ್ದ ಘಾಟು ಮನೆಯೊಳಗೆ ಹಾಸಿಗೆಯವರೆಗೂ ಬರುತ್ತಿತ್ತು. ಬಸ್ಸಿನಿಂದ ಇಳಿದವರು ಮೊದಲು ಸೀನಿದರೆ ಪರವೂರಿನವರು, ಸೀನದೆ ನಡೆದರೆ ನಮ್ಮವರು. ನಾವು ಮಕ್ಕಳು ನಿಲ್ದಾಣದಲ್ಲಿ ನಿಂತು ಹಾಗೆ ಗುರುತಿಸುವ ಆಟ ಆಡುತ್ತಿದ್ದೆವು. ಊರಿನಲ್ಲಿ ಯಾರೇ ಕೆಮ್ಮಲಿ, ಎಷ್ಟೇ ಕೆಮ್ಮಲಿ, ಅದಕ್ಕೆ ಒಂದೇ ಕಾರಣ: ಘಾಟು. ವರ್ಷವಿಡೀ ಕೆಮ್ಮುವವರಿಗೂ ಅದೇ. ಸುಗ್ಗಿ ಮುಗಿದು ಆರು ತಿಂಗಳಾಗಿದ್ದರೂ ಅದೇ.

ಆ ಘಾಟಿಗೆ ಮದ್ದು ಏನು ಗೊತ್ತೇ? ಬೀಡಿ. ನಗಬೇಡಿ. ಚೀಲ ಹೊರುವವರಿಂದ ಹಿಡಿದು ಗಾದಿಯ ಮೇಲೆ ಕೂತ ವ್ಯಾಪಾರಸ್ಥರವರೆಗೆ ಎಲ್ಲರೂ ನಂಬಿದ್ದ ಮಾತು ಅದು. ಘಾಟು ಎದೆಯೊಳಗೆ ಅಂಟಿ ಕೂಡುತ್ತದೆ, ಬೀಡಿಯ ಹೊಗೆ ಒಳಗೆ ಹೋಗಿ ಅದನ್ನು ಎಬ್ಬಿಸಿ ಹೊರಗೆ ಹಾಕುತ್ತದೆ ಎಂದು ಅಜ್ಜ ನನಗೆ ಬಿಡಿಸಿ ಹೇಳಿದ್ದ. ನನಗೆ ಕಿವಿ ನೋವು ಬಂದಾಗಲೂ ಅವನದೇ ಔಷಧ. ನನ್ನನ್ನು ತೊಡೆಯ ಮೇಲೆ ಮಲಗಿಸಿ, ಕಿವಿಯ ಮೇಲೆ ತೆಳು ಬಟ್ಟೆ ಹಾಕಿ, ಒಂದು ಎಳೆತ ಎಳೆದು, ಬೆಚ್ಚಗಿನ ಹೊಗೆಯನ್ನು ಮೆಲ್ಲಗೆ ಒಳಗೆ ಊದುತ್ತಿದ್ದ. ನೋವು ಹೋಗುತ್ತಿತ್ತೋ ಇಲ್ಲವೋ, ನಿದ್ದೆಯಂತೂ ಬರುತ್ತಿತ್ತು. ಇವತ್ತಿಗೂ ಎಲ್ಲಾದರೂ ಬೀಡಿಯ ವಾಸನೆ ಬಂದರೆ ನನಗೆ ಮೊದಲು ಆಗುವುದು ಅಸಹ್ಯವಲ್ಲ, ಆಕಳಿಕೆ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಬಾಯಿಯಿಂದ ಈ ಮಾತು ಹೊರಡಬಾರದು, ಆದರೂ ಖರೆ ಖರೆಯೇ.

ಬಸ್ಸಿನಲ್ಲಿ ಧೂಮಪಾನ ನಿಷೇಧಿಸಲಾಗಿದೆ ಎಂದು ಬರೆದಿರುತ್ತಿತ್ತು. ಹೊಸದಾಗಿ ಓದಲು ಕಲಿತ ಉಮೇದಿನಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಿದ್ದೆ. ಅಜ್ಜ ಬೀಡಿ ಹಚ್ಚುತ್ತಲೇ ಕೇಳಿಸಿಕೊಂಡು, "ಚಂದ ಓದತೀದಿ ಅವ್ವಾ" ಎಂದು ಬೆನ್ನು ತಟ್ಟಿದ. ಮುಂದೆ ಡ್ರೈವರನೂ ಸೇದುತ್ತಿದ್ದ. ನಮ್ಮ ತಾಯಿ ಮಾತ್ರ ಕಿಟಕಿಗೆ ಮುಖ ಕೊಟ್ಟು, ಲಿಂಬೆಹಣ್ಣು ಮೂಗಿಗೆ ಹಿಡಿದು ಕೂತಿರುತ್ತಿದ್ದರು. ಅದೂ ಬೀಡಿಗಾಗಿ ಅಲ್ಲ, ಡೀಸೆಲ್ಲಿನ ವಾಸನೆಗೆ ವಾಂತಿ ಬರುತ್ತದೆಂದು. ನನಗೋ ಆ ವಾಸನೆ ಪ್ರಾಣ. ಓಣಿಗೆ ಟೆಂಪೊ ಬಂದರೆ ಅದರ ಹಿಂದೆ ಓಡಿ, ಕರಿ ಹೊಗೆಯಲ್ಲಿ ಮುಖ ಇಟ್ಟು, ಕಣ್ಣು ಮುಚ್ಚಿ ಮೂಸುತ್ತಿದ್ದ ಮೂರ್ಖರ ಗುಂಪಿಗೆ ನಾನೇ ನಾಯಕಿ.

ಆ ಟೆಂಪೊ ಮಾಬುಸಾಬನದು. ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಜನರನ್ನೂ ಚೀಲಗಳನ್ನೂ ಒಟ್ಟಿಗೇ ತುಂಬಿ ಒಯ್ಯುತ್ತಿದ್ದ. ನಮ್ಮ ಮನೆಯ ಸಾಲಿನಲ್ಲೇ ಅವನ ಮನೆ. ಅಜ್ಜನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಅಜ್ಜನಿಗೆ ಕಾಕಾ ಅನ್ನುತ್ತಿದ್ದ. ಅವನ ಗಾಡಿ ಹೊರಟರೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಅದು ಅವನಿಗೆ ಹೆಮ್ಮೆಯ ವಿಷಯ. "ಹೊಗಿ ಬಿಡದ ಗಾಡಿ ಏನ ಎಳದೀತರೀ ಕಾಕಾ?" ಎಂದು ಕೇಳುತ್ತಿದ್ದ. ಅಜ್ಜನೂ ತಲೆದೂಗುತ್ತಿದ್ದ. ಹೊಗೆಯ ವಿಷಯದಲ್ಲಿ ಇಬ್ಬರದೂ ಒಂದೇ ಮತ.

ಆದರೆ ಹೊಗೆಗೆ ಒಂದು ಕಾಯಿದೆ ಇತ್ತು. ಅದನ್ನು ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ, ಯಾರೂ ಮುರಿಯುತ್ತಲೂ ಇರಲಿಲ್ಲ. ಹಿರಿಯರ ಮುಂದೆ ಸೇದಬಾರದು. ಕೂಸಿನ ಮುಂದೆ ಸೇದಬಹುದು, ಬಸುರಿಯ ಮುಂದೆ ಸೇದಬಹುದು, ಜ್ವರ ಬಂದು ಮಲಗಿದವರ ಹಾಸಿಗೆಯ ಪಕ್ಕ ಕೂತು ಸೇದುತ್ತ ಕ್ಷೇಮ ವಿಚಾರಿಸಬಹುದು. ತನಗಿಂತ ದೊಡ್ಡವರು ಎದುರು ಬಂದರೆ ಮಾತ್ರ ಬೀಡಿ ಬೆನ್ನ ಹಿಂದೆ ಹೋಗಬೇಕು. ಹೊಗೆಯಿಂದ ಕೆಡುವುದು ಮರ್ಯಾದೆಯೇ ಹೊರತು ಎದೆಯಲ್ಲ ಎಂಬುದು ನಮ್ಮ ಕಡೆಯ ತಿಳಿವಳಿಕೆ. ಅಜ್ಜ ಪಕ್ಕದಲ್ಲಿ ಕೂತರೆ ಮಾಬುಸಾಬನಿಗೆ ರಾಣೇಬೆನ್ನೂರಿನವರೆಗೆ ಬೀಡಿ ಇಲ್ಲ. ನಡುವೆ ಇಂಜಿನ್ನಿಗೆ ನೀರು ಹಾಕುವ ನೆಪದಿಂದ ಎರಡು ಸಲ ನಿಲ್ಲಿಸುತ್ತಿದ್ದ. ನೀರಿನ ಡಬ್ಬಿ ಅಲ್ಲೇ ಇರುತ್ತಿತ್ತು, ಗಾಡಿಯ ಹಿಂದಿನಿಂದ ಹೊಗೆ ಏಳುತ್ತಿತ್ತು.

ಅಜ್ಜನೂ ಈ ಕಾಯಿದೆಯ ಕೆಳಗೆ ಬಹಳ ಕಾಲ ಬಾಳಿದವನೇ. ಅವನ ತಾಯಿ ಬಸಲಿಂಗವ್ವ ಗಟ್ಟಿ ಹೆಂಗಸು, ಬಹಳ ವರ್ಷ ಬದುಕಿದಳು. ತನ್ನ ಮಕ್ಕಳ ಮದುವೆ ಮಾಡಿದ ಮೇಲೂ ಅಜ್ಜ ಅವಳಿಗೆ ಹೆದರಿ ಹಿತ್ತಲಲ್ಲಿ ಸೇದುತ್ತಿದ್ದ. ಒಂದು ಸಲ ಅವಳು ಸದ್ದಿಲ್ಲದೆ ಬಂದುಬಿಟ್ಟಳಂತೆ. ಬೀಡಿ ಎಸೆಯಲು ಹೊತ್ತಿಲ್ಲ. ಉರಿಯುವ ತುದಿಯನ್ನು ಅಂಗೈಯಲ್ಲಿ ಮುಚ್ಚಿ, ಮುಷ್ಟಿ ಕಟ್ಟಿ, ಅವಳು ಮಳೆ ಬೆಳೆ ಎಲ್ಲ ಮಾತಾಡಿ ಮುಗಿಸುವವರೆಗೂ ನಿಂತಿದ್ದ. ಅಂಗೈಯ ನಡುವೆ ಬೊಟ್ಟಿನಷ್ಟು ಕಲೆ ಕಡೆಯವರೆಗೂ ಉಳಿದಿತ್ತು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಅವನಿಗಿಂತ ಹಿರಿಯರು ಯಾರೂ ಉಳಿಯಲಿಲ್ಲ. ಅಜ್ಜ ಅತ್ತ. ಹದಿಮೂರು ದಿನ ಕಳೆದ ಮೇಲೆ ಮೊದಲ ಬಾರಿಗೆ ಪಡಸಾಲೆಯಲ್ಲಿ ಕೂತು ಬೀಡಿ ಹಚ್ಚಿದ.

ಮರುವರ್ಷ ನಾನು ಹುಟ್ಟಿದೆ. ತೀರಿಹೋದ ಹಿರಿಯರ ಹೆಸರನ್ನು ಹುಟ್ಟಿದ ಕೂಸಿಗೆ ಇಡುವುದು ನಮ್ಮ ಪದ್ಧತಿ. ನನಗೂ ಬಸಲಿಂಗವ್ವ ಎಂದು ಹೆಸರಾಯಿತು. ಶಾಲೆಯಲ್ಲಿ ಹಾಜರಿ ಕೂಗುವಾಗ ಹೊಸ ಮಾಸ್ತರರು ಈ ಹೆಸರಿಗೆ ಯಾವ ಮುದುಕಿ ಎದ್ದು ನಿಲ್ಲುತ್ತಾಳೋ ಎಂದು ನೋಡುತ್ತಿದ್ದರು. ಮನೆಯಲ್ಲಿ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಗಂಡನ ಮನೆಯ ಹಿರಿಯಳ ಹೆಸರು ಹೇಳಬಾರದೆಂದು ನಮ್ಮ ತಾಯಿ ತಂಗೀ ಅನ್ನುತ್ತಿದ್ದರು. ಅಜ್ಜ ಅವ್ವಾ ಅನ್ನುತ್ತಿದ್ದ. ಹಾಲು ಕುಡಿಯದೆ ಹಟ ಮಾಡಿದರೆ "ಯಾಕ ನಮ್ಮವ್ವಾ, ಸಿಟ್ಟ ಬಂತೇನು?" ಎಂದು ಗಲ್ಲ ಹಿಡಿಯುತ್ತಿದ್ದ. ಇಡೀ ಮನೆಯಲ್ಲಿ ನನ್ನಷ್ಟು ದೊಡ್ಡವರು ಇನ್ನೊಬ್ಬರಿರಲಿಲ್ಲ.

ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ ನನಗೆ ದಮ್ಮು ಶುರುವಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಲ್ಲದು. ಎದೆಯಲ್ಲಿ ಸಣ್ಣ ಸಿಳ್ಳು. ಸುಗ್ಗಿಯ ಕಾಲ, ಘಾಟೇ ಕಾರಣ ಎಂದು ಎಲ್ಲರೂ ಒಪ್ಪಿದರು. ಅಜ್ಜನ ಜೀವ ಬಾಯಿಗೆ ಬಂದಿತ್ತು. ಪೇಟೆಗೆ ಹೋಗುವುದನ್ನೂ ಬಿಟ್ಟು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. ನನಗೆ ಘಾಟು ತಾಗಬಾರದೆಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿಸಿದ. ಆಮೇಲೆ ಒಂದರ ಹಿಂದೆ ಒಂದು ಬೀಡಿ ಹಚ್ಚಿ, ನನ್ನ ಸುತ್ತ ಹೊಗೆ ಬಿಡುತ್ತ ಕೂತ. ನನ್ನನ್ನು ಅಷ್ಟು ಪ್ರೀತಿಯಿಂದ ಯಾರೂ ಕಾಯ್ದಿಲ್ಲ. ಅವನ ಆ ಕಾವಲಿನಿಂದಲೇ ನನ್ನ ಉಸಿರು ನಿಲ್ಲುವುದರಲ್ಲಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ರಾಣೇಬೆನ್ನೂರಿನ ಡಾಕ್ಟರರ ಹತ್ತಿರ ಒಯ್ದರು. ಅವರು ಸೂಜಿ ಚುಚ್ಚಿ, ನಾನು ಸುಧಾರಿಸಿದ ಮೇಲೆ ಅಜ್ಜನನ್ನು ಕೇಳಿದರು. "ಮನ್ಯಾಗ ಯಾರ ಬೀಡಿ ಸೇದತಾರ?"

"ನಾ ಒಬ್ಬಾಂವ ಸೇದತೇನ್ರಿ. ಆದ್ರ ಇದು ಘಾಟಿನ ಕೆಮ್ಮರೀ."

"ಘಾಟು ಇರಲಿ. ಈ ಹುಡುಗಿ ಮುಂದ ಬೀಡಿ ಹಚ್ಚಬ್ಯಾಡ್ರಿ. ಆಕಿ ಎದಿಗೆ ಹೊಗಿ ತಡಿಯೂದಿಲ್ಲ. ಹಿಂಗ ಆದ್ರ ಒಂದಿನ ಕೈ ಮೀರತೈತಿ."

ಅವರು ಹೇಳಿದ್ದು ಸರಿ. ಆದರೆ ಅವರ ಮೇಜಿನ ಮೇಲೆ ಗಾಜಿನ ತಟ್ಟೆಯಲ್ಲಿ ಅರ್ಧ ಸುಟ್ಟ ಸಿಗರೇಟು ಇನ್ನೂ ಹೊಗೆಯಾಡುತ್ತಿತ್ತು. ಅಜ್ಜ ಹೊರಗೆ ಬಂದವನೇ, "ಅಂವಾ ಸೇದಬೌದು, ನಾವು ಸೇದಬಾರದಂತ. ಔಷಧ ಚಲೋ ಕೊಡತಾನ, ಮಾತು ಹಗರ" ಅಂದ. ಮೂರು ದಿನ ಹೇಗೋ ತಡೆದುಕೊಂಡ. ನಾಲ್ಕನೇ ದಿನ ನಾನು ಒಮ್ಮೆ ಕೆಮ್ಮಿದೆ. ಬೀಡಿ ಬಿಟ್ಟಿದ್ದರಿಂದಲೇ ಘಾಟು ಜೋರಾಯಿತೆಂದು ಗಾಬರಿಯಾಗಿ ಮತ್ತೆ ಹಚ್ಚಿದ.

ಎರಡನೆಯ ಸಲ ದಮ್ಮು ಬಂದದ್ದು ಒಂದು ಬೆಳಗ್ಗೆ, ನಾಷ್ಟಾದ ಹೊತ್ತಿಗೆ. ಈ ಸಲ ನನ್ನ ಉಗುರು ನೀಲಿಯಾಗಿದ್ದವಂತೆ. ಮಾಬುಸಾಬ ಜನರನ್ನೆಲ್ಲ ಇಳಿಸಿ ನಮ್ಮಿಬ್ಬರನ್ನೇ ಮುಂದೆ ಕೂರಿಸಿಕೊಂಡು ಗಾಡಿ ಬಿಟ್ಟ. ಗಾಡಿಯ ತಳದ ಸಂದಿನಿಂದ ಡೀಸೆಲ್ ಹೊಗೆ ಒಳಗೇ ಬರುತ್ತಿತ್ತು. ನಾನು ಅಜ್ಜನ ತೊಡೆಯ ಮೇಲೆ ಗೊರಗೊರ ಅನ್ನುತ್ತಿದ್ದೆ. ಗಾಬರಿಯಾದಾಗ ಅಜ್ಜನಿಗೆ ಗೊತ್ತಿದ್ದುದು ಒಂದೇ ಉಪಾಯ. ಬೀಡಿ ಹಚ್ಚಿದ.

ಕದರಮಂಡಲಗಿ ಬಂತು. ಹನುಮಪ್ಪನ ಗುಡಿಯ ಕಡೆ ತಿರುಗುವ ಹಾದಿಯಲ್ಲಿ ಮಾಬುಸಾಬ ಯಾವತ್ತಿನಂತೆ ಗಾಡಿ ನಿಧಾನ ಮಾಡಿದ. ಅಜ್ಜ ಬೀಡಿಯ ಕೈಯನ್ನು ಬೆನ್ನ ಹಿಂದೆ ಸರಿಸಿ, ಇನ್ನೊಂದು ಕೈಯನ್ನು ಹಣೆಗೆ ಹಚ್ಚಿ, "ಹನುಮಪ್ಪಾ, ನಮ್ಮವ್ವನ್ನ ಉಳಸಪ್ಪಾ" ಅಂದ. ಆಮೇಲೆ ಬೀಡಿಯನ್ನು ಮತ್ತೆ ಬಾಯಿಗೆ ತಂದ.

ಮಾಬುಸಾಬ ಗಾಡಿ ನಿಲ್ಲಿಸಿಬಿಟ್ಟ. ಅವನು ಅಜ್ಜನಿಗೆ ಎದುರು ಮಾತಾಡಿದ್ದು ಅದೇ ಮೊದಲು, ಅದೇ ಕಡೆ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಅಲ್ಲಿ ದೂರ ಗುಡಿಯಾಗ ಕುಂತಾಂವಗ ಬೀಡಿ ಮುಚ್ಚಿದ್ರಿ. ಇಲ್ಲಿ ತೊಡಿ ಮ್ಯಾಲ ಕುಂತಾಕಿಗೆ ಯಾಕ ಮುಚ್ಚಲಿಲ್ಲ?"

"ಇದು ಕೂಸಲೇ ಮಾಬು!"

"ಕೂಸಿಗೆ ಅವ್ವಾ ಅಂತ ಯಾಕ ಕರೀತೀರಿ ಮತ್ತ? ಖರೇ ಬಸಲಿಂಗವ್ವ ಇಲ್ಲಿ ಕುಂತಿದ್ರ ಆಕಿ ಮಾರಿಮ್ಯಾಲ ಹೊಗಿ ಬಿಡತಿದ್ರೇನು?"

ಅಜ್ಜ ನನ್ನ ಮುಖ ನೋಡಿದ. ನಾನು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದೆನಂತೆ. ಬೀಡಿಯನ್ನು ಕಿಟಕಿಯ ಹೊರಗೆ ಎಸೆದ. ಜೇಬಿನಲ್ಲಿದ್ದ ಕಟ್ಟನ್ನೂ ಎಸೆದ. "ಲಗೂ ಹೊಡಿ" ಅಂದ. ಡಾಕ್ಟರರ ಮಾತು, ಬಸ್ಸಿನ ಬೋರ್ಡು ಯಾವುದಕ್ಕೂ ಬಗ್ಗದವನು ತನ್ನ ತಾಯಿಗೆ ಬಗ್ಗಿದ.

ಬೀಡಿ ಬಿಟ್ಟನೆಂದು ತಿಳಿಯಬೇಡಿ. ಮರುದಿನವೇ ಹೊಸ ಕಟ್ಟು ಬಂತು. ಆದರೆ ಅವತ್ತಿನಿಂದ ನನ್ನ ಮುಂದೆ ಅವನು ಸೇದಲಿಲ್ಲ. ಹಿತ್ತಲಿನ ಬಚ್ಚಲ ಗೋಡೆಯ ಹಿಂದೆ, ತನ್ನ ತಾಯಿಯ ಕಾಲದಲ್ಲಿ ಕೂರುತ್ತಿದ್ದ ಅದೇ ಕಲ್ಲಿನ ಮೇಲೆ ಹೋಗಿ ಕೂರತೊಡಗಿದ. ನಾನು ಅತ್ತ ಕಾಲಿಟ್ಟರೆ ಕೈ ಬೆನ್ನ ಹಿಂದೆ. ಏಳು ವರ್ಷದ ನನಗೆ ಈ ಅಧಿಕಾರ ಬಹಳ ರುಚಿಸಿತು. ಬೇಕೆಂತಲೇ ಕಳ್ಳ ಹೆಜ್ಜೆ ಇಟ್ಟು ಹೋಗಿ ಎದುರು ನಿಲ್ಲುತ್ತಿದ್ದೆ. ನಿಂತು ಶಾಲೆಯ ಸುದ್ದಿ ಎಲ್ಲ ಹೇಳುತ್ತಿದ್ದೆ. ಅಜ್ಜ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೂಂ ಹೂಂ ಅನ್ನುತ್ತಿದ್ದ. ಒಂದು ದಿನ ಎರಡರ ಮಗ್ಗಿಯಿಂದ ಐದರ ಮಗ್ಗಿಯವರೆಗೆ ಒಪ್ಪಿಸಿದೆ. ಐದೇಳು ಮೂವತ್ತೈದಕ್ಕೆ ಬಟ್ಟೆ ಸುಟ್ಟ ವಾಸನೆ ಬಂತು. ಐದೆಂಟಕ್ಕೆ ಅಜ್ಜ ಎದ್ದು ಹಾರಿದ.

ಧೋತರ ಒಗೆಯುವವರು ನಮ್ಮ ತಾಯಿ. ತೂತು ಎಣಿಸಿ ಸಾಕಾಗಿ ನನ್ನನ್ನು ಕರೆದು ಹೇಳಿದರು. "ತಂಗೀ, ದೊಡ್ಡಾಕಿ ಆಗೀದಿ, ದೊಡ್ಡವರ ರೀತಿ ಕಲಿ. ಹಿರೇರು ಬರೂಮುಂದ ಕೆಮ್ಮಿ ಬರತಾರ. ಸಣ್ಣವರಿಗೆ ಮುಚ್ಚಿಕೊಳ್ಳಾಕ ವ್ಯಾಳ್ಯಾ ಕೊಡಬೇಕು."

ಹೀಗೆ ನಾನು ಎರಡನೇ ಇಯತ್ತೆಯಲ್ಲಿ ಹಿರಿಯರ ಕೆಮ್ಮು ಕಲಿತೆ. ಹಿತ್ತಲ ಬಾಗಿಲಲ್ಲಿ ನಿಂತು, ಗಂಟಲು ಸರಿ ಮಾಡಿಕೊಂಡು, ಊರ ಪಂಚರಂತೆ ಎರಡು ಸಲ ಕೆಮ್ಮಿ ಒಳಗೆ ಹೋಗುತ್ತಿದ್ದೆ. ನನ್ನಲ್ಲಿ ಎರಡು ಕೆಮ್ಮು ಇದ್ದವು, ಒಂದು ದಮ್ಮಿನದು, ಒಂದು ಮರ್ಯಾದೆಯದು. ಅಜ್ಜನಿಗೆ ಎರಡರ ಗುರುತೂ ಇತ್ತು. ಮರ್ಯಾದೆಯ ಕೆಮ್ಮಿಗೆ ಬೀಡಿ ಬೆನ್ನ ಹಿಂದೆ ಹೋಗುತ್ತಿತ್ತು. ದಮ್ಮಿನ ಕೆಮ್ಮಿಗೆ ಬೀಡಿ ಎಲ್ಲಿ ಬಿತ್ತೆಂದು ನೋಡದೆ ಓಡಿ ಬರುತ್ತಿದ್ದ. ದಮ್ಮಿನ ಕೆಮ್ಮು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂತು.

ಮಾಬುಸಾಬನ ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ಅಜ್ಜನಿಗೆ ಅಷ್ಟು ಮಾತಾಡಿದ ಮೇಲೆ ಅವನಿಗೆ ತನ್ನ ಗಾಡಿಯ ಹೊಗೆ ಕಣ್ಣಿಗೆ ಬೀಳತೊಡಗಿತ್ತು. ಅವನ ಟೆಂಪೊ ಒಮ್ಮೆ ಬಂದ್ ಮಾಡಿದರೆ ನಾಲ್ಕು ಜನ ದೂಡದೆ ಮತ್ತೆ ಶುರುವಾಗುತ್ತಿರಲಿಲ್ಲ. ಅದಕ್ಕೇ ಎಲ್ಲಿ ನಿಲ್ಲಿಸಿದರೂ ಇಂಜಿನ್ನು ಗುರುಗುಡುತ್ತಲೇ ಇರುತ್ತಿತ್ತು. ಈಗ ನಮ್ಮ ಓಣಿಯ ಬಾಯಿಗೆ ಬಂದ ಕೂಡಲೇ ಬಂದ್ ಮಾಡತೊಡಗಿದ. ಒಳಗಿದ್ದವರು ಗೊಣಗುತ್ತ ಇಳಿಯುತ್ತಿದ್ದರು.

"ಯಾಕೋ ಮಾರಾಯ, ದಿನಾ ಇಲ್ಲೇ ಬಂದ್ ಮಾಡತೀಯಲ್ಲ?"

"ಇಲ್ಲಿ ನಮ್ಮ ಕಾಕಾನ ಅವ್ವ ಇರತಾರ್ರೀ. ಹಿರೇರ ಮುಂದ ಹೊಗಿ ಬಿಡಬಾರದು. ದೂಡ್ರಿ, ದೂಡ್ರಿ."

ಹಿರಿಯರು ಎಂದ ಮೇಲೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಪೇಟೆಗೆ ಬಂದ ದೊಡ್ಡ ದೊಡ್ಡ ಮೀಸೆಯವರೆಲ್ಲ ಹೆಗಲು ಕೊಟ್ಟು ದೂಡುತ್ತಿದ್ದರು. ಆ ಹಿರಿಯಳು ಪಾಟಿ ಚೀಲ ಹಾಕಿಕೊಂಡು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

ವರ್ಷಗಳು ಹೋದವು. ನಾನು ಕಲಿತೆ, ಹಾವೇರಿಯಲ್ಲಿ ಕೆಲಸ ಸಿಕ್ಕಿತು. ರಜೆಗೆ ಬ್ಯಾಡಗಿಗೆ ಹೋದಾಗಲೆಲ್ಲ ಹಿತ್ತಲ ಬಾಗಿಲಲ್ಲಿ ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದೆ. ಅಜ್ಜ ಕೈ ಹಿಂದೆ ಮಾಡಿಕೊಂಡು ನಗುತ್ತಿದ್ದ. ಅವನೂ ಕೆಮ್ಮತೊಡಗಿದ್ದ, ಬಹಳ ಕೆಮ್ಮುತ್ತಿದ್ದ. ಕೇಳಿದರೆ ಘಾಟು ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಮಾಬುಸಾಬನೇ ಶಾಲೆಗೆ ಬಂದು ಕರೆದ. ಅಜ್ಜನನ್ನು ರಾಣೇಬೆನ್ನೂರಿನ ಆಸ್ಪತ್ರೆಗೆ ಸೇರಿಸಿದ್ದರು. ಹೋದಾಗ ಒಬ್ಬರು ಹರೆಯದ ಡಾಕ್ಟರರು ಅಜ್ಜನ ಎದೆಯ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡುತ್ತಿದ್ದರು. ಅವರ ಮೇಜಿನ ಮೇಲೆ ಗಾಜಿನ ತಟ್ಟೆ ಇರಲಿಲ್ಲ.

"ಎಷ್ಟು ವರ್ಷದಿಂದ ಬೀಡಿ ಸೇದತೀರಿ ಅಜ್ಜಾರ?"

ಅಜ್ಜ ಒಮ್ಮೆ ನನ್ನ ಕಡೆ ನೋಡಿ, ಗೋಡೆಗೆ ಮುಖ ತಿರುಗಿಸಿದ. "ಛೇ ಛೇ, ನಾ ಸೇದೂದಿಲ್ಲರೀ. ನಮ್ಮದು ಮೆಣಸಿನಕಾಯಿ ಊರು. ಘಾಟಿನ ಕೆಮ್ಮು."

ಬೆರಳು ಹಳದಿಯಾಗಿದ್ದವು. ಡಾಕ್ಟರರು ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಬುಸಾಬ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ನನ್ನನ್ನು ಹೊರಗೆ ಕರೆದ.

"ನೀವು ಇಲ್ಲೇ ನಿಂದರ್ರಿ ಅವ್ವಾರ. ನಿಮ್ಮ ಮುಂದ ಕಾಕಾ ಖರೇ ಹೇಳೂದಿಲ್ಲ."

ವರಾಂಡದಲ್ಲಿ ನಿಂತೆ. ಒಳಗಿನ ಮಾತು ಕೇಳಿಸಿತು. "ಮೀಸಿ ಮೂಡೂಕಿಂತ ಮೊದಲಿಂದ ಸೇದತೇನ್ರಿ ಸಾಹೇಬ್ರ. ದಿನಕ್ಕ ಎರಡು ಕಟ್ಟು. ಆಕಿಗೆ ಹೇಳಬ್ಯಾಡ್ರಿ. ಅವ್ವಗ ಗೊತ್ತಾದ್ರ ಭಾಳ ಬ್ಯಾಸರ ಮಾಡಿಕೋತಾಳ."

ಅಷ್ಟು ವರ್ಷ ನಾನು ಅವನ ಅವ್ವನಾಗಿದ್ದೆ. ಮುಚ್ಚಿಡುವ ಮರ್ಯಾದೆಯನ್ನು ತೆಗೆದುಕೊಂಡು ಸುಖವಾಗಿದ್ದೆ. ನನ್ನ ಎದೆಯನ್ನು ಅವನು ಕಾಯ್ದ. ಅವನ ಎದೆಯನ್ನು ಕಾಯುವವಳು ನಾನಲ್ಲದೆ ಇನ್ನಾರಿದ್ದರು? ಬಿಡು ಎಂಬ ಒಂದು ಮಾತನ್ನು ನಾನು ಒಂದು ದಿನವೂ ಹೇಳಿರಲಿಲ್ಲ. ಕೆಮ್ಮಿ ಕೆಮ್ಮಿ, ಅವನಿಗೆ ಮುಚ್ಚಿಕೊಳ್ಳಲು ವೇಳೆ ಕೊಡುತ್ತ ಬಂದಿದ್ದೆ.

ಡಾಕ್ಟರರು ಹೊರಗೆ ಹೋದ ಮೇಲೆ ಬಾಗಿಲಿಗೆ ಬಂದೆ. ರೂಢಿಯಂತೆ ಎರಡು ಸಲ ಕೆಮ್ಮಿದೆ. ಹಾಸಿಗೆಯ ಮೇಲೆ ಒರಗಿದ್ದ ಅಜ್ಜ ತಟ್ಟನೆ ಬಲಗೈಯನ್ನು ಬೆನ್ನ ಹಿಂದೆ ಒಯ್ದ.

ಹತ್ತಿರ ಕೂತು, "ಕೈ ತೋರಸು" ಅಂದೆ.

ಕೈ ಮುಂದೆ ತಂದು ಬಿಚ್ಚಿದ. ಅಂಗೈಯ ನಡುವೆ ಆ ಹಳೇ ಕಲೆ, ಮತ್ತೇನೂ ಇಲ್ಲ.

"ಏನಿಲ್ಲ ನೋಡವ್ವಾ" ಅಂದ.

ತಾಯಿ ಮಗನಿಗೆ ಅಂದಂತೆ ಅಜ್ಜನಿಗೆ ಬಾರೋ ಹೋಗೋ ಎಂದು ನಾನು ಯಾವತ್ತೂ ಅಂದವಳಲ್ಲ. ಅವತ್ತು ಬಾಯಿಗೆ ತಾನೇ ಬಂತು. "ಇನ್ನ ಸಾಕು. ಬಿಟ್ಟುಬಿಡೋ ಅದನ್ನ."

ಅಜ್ಜ ನನ್ನ ಮುಖವನ್ನೇ ನೋಡಿದ. ಕಣ್ಣು ತುಂಬಿದ್ದವು. "ಹೂನವ್ವಾ, ಬಿಟ್ಟೆ" ಅಂದ.

ಬಿಟ್ಟೇಬಿಟ್ಟ. ಅದಾದ ಮೇಲೆ ಎಂಟು ತಿಂಗಳು ಬದುಕಿದ್ದ. ಒಂದು ಬೀಡಿಯನ್ನೂ ಮುಟ್ಟಲಿಲ್ಲವೆಂದು ಮಾಬುಸಾಬ ಆಣೆ ಮಾಡಿ ಹೇಳುತ್ತಾನೆ. ಆಣೆ ಬೇಕಿರಲಿಲ್ಲ. ಅಜ್ಜ ಹೋದ ಮೇಲೆ ನಮ್ಮ ತಾಯಿ ಅವನ ಎರಡು ಧೋತರ ನನ್ನ ಮುಂದೆ ಇಟ್ಟು, ನೆನಪಿಗೆ ಒಂದು ತಗೋ ಅಂದರು. ಒಂದು ಇದು, ಟ್ರಂಕಿನಲ್ಲಿದ್ದದ್ದು. ಇನ್ನೊಂದು ಆ ಎಂಟು ತಿಂಗಳು ಉಟ್ಟದ್ದು. ಅದರ ಹಿಂಬದಿಯಲ್ಲಿ ಒಂದು ತೂತೂ ಇರಲಿಲ್ಲ. ಅದನ್ನು ತರುವ ಧೈರ್ಯ ನನಗಾಗಲಿಲ್ಲ. ಒಂದೇ ಒಂದು ಮಾತನ್ನು ನಾನು ಮೊದಲೇ ಹೇಳಿದ್ದರೆ ಅವನ ಎಲ್ಲ ಧೋತರಗಳೂ ಹಾಗೇ ಇರುತ್ತಿದ್ದವು.